ಊರ ಬೆಳಕಿಗೆ ಊರೇ ಒಡೆಯ

ಗದಗ ತಾಲೂಕಿನ ಕಣಗಿನಹಾಳ ದೊಡ್ಡ ಊರಲ್ಲ; ಆದರೆ ಸಹಕಾರದ ಚರಿತ್ರೆಯಲ್ಲಿ ಅದರ ಹೆಸರು ದೊಡ್ಡದು. ಸಾಹುಕಾರರ ಬಡ್ಡಿಯ ಬೇಗೆಯಲ್ಲಿ ರೈತರು ನವೆಯುತ್ತಿದ್ದ ಕಾಲದಲ್ಲಿ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಅಲ್ಲಿ ಜನ್ಮ ತಾಳಿತು. ಹಲವರ ಕಿರುಗಂಟು ಒಂದೆಡೆ ಸೇರಿದರೆ ಒಬ್ಬನ ಕಷ್ಟಕಾಲಕ್ಕೆ ಒದಗುವುದೆಂಬುದೇ ಅದರ ತತ್ತ್ವ. ಹಣಕ್ಕೆ ಸಲ್ಲುವ ಈ ಮಾತು ಬಿಸಿಲಿಗೂ ಸಲ್ಲುವುದೆಂಬುದು ಈಚೆಗೆ ತಿಳಿದುಬಂದಿದೆ.

ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಎರೆಬಯಲಿನಲ್ಲಿ ಬಿಸಿಲಿಗೇನೂ ಬಡತನವಿಲ್ಲ. ಅದನ್ನು ಮನೆಗೊಂದು ಫಲಕವಿಟ್ಟು ಹಿಡಿಯಬಹುದು. ಊರೆಲ್ಲ ಕೂಡಿ ಒಂದೇ ಕಡೆ ಹಿಡಿದು ಹಂಚಿಕೊಳ್ಳಲೂಬಹುದು. ಈ ಎರಡನೆಯ ಏರ್ಪಾಡಿಗೇ ಮೈಕ್ರೋಗ್ರಿಡ್ ಎಂದು ಹೆಸರು. ಹಗಲಿನಲ್ಲಿ ಫಲಕಗಳು ಹುಟ್ಟಿಸಿದ ವಿದ್ಯುತ್ತು ಬ್ಯಾಟರಿಗಳಲ್ಲಿ ಸಂಗ್ರಹವಾಗುತ್ತದೆ. ಇನ್ವರ್ಟರ್ ಅದನ್ನು ಮನೆಬಳಕೆಗೆ ತಕ್ಕಂತೆ ಮಾರ್ಪಡಿಸುತ್ತದೆ. ಸಂಜೆಗೆ ತಂತಿಗಳು ಅದನ್ನು ಮನೆಮನೆಗೆ ಒಯ್ಯುತ್ತವೆ.

ಯಂತ್ರದ ಕೆಲಸ ಇಲ್ಲಿಗೆ ಮುಗಿಯಿತು, ಮನುಷ್ಯರದು ಆರಂಭವಾಯಿತು. ಬ್ಯಾಟರಿಯೆಂದರೆ ಊರಿನ ಕಣಜವಿದ್ದಂತೆ, ತುಂಬಿದಷ್ಟೇ ತೆಗೆಯಬೇಕು. ಒಬ್ಬ ಗೃಹಸ್ಥನು ಸ್ನಾನದ ನೀರಿಗೆ 1000 ವಾಟಿನ ಕಾಯಿಲ್ ಇಳಿಬಿಟ್ಟನೆಂದರೆ, 9 ವಾಟಿನ ನೂರಕ್ಕೂ ಮಿಕ್ಕ ದೀಪಗಳ ಪಾಲನ್ನು ಅವನೊಬ್ಬನೇ ಉಂಡಂತೆ. ಅತಿಯಾಗಿ ಬರಿದುಮಾಡಿದ ಬ್ಯಾಟರಿಗೆ ಆಯುಸ್ಸೂ ಕಡಿಮೆ. ಜೋಪಾನ ಮಾಡಿದರೂ ಕೆಲವು ವರ್ಷಗಳಲ್ಲಿ ಅದನ್ನು ಬದಲಿಸಲೇಬೇಕು; ಅದಕ್ಕಾಗಿ ತಿಂಗಳು ತಿಂಗಳೂ ಹಣ ಕೂಡಿಬರಬೇಕು.

ಈ ಮಾತಿಗೆ ಹೊರನಾಡಿನ ಎರಡು ಊರುಗಳು ಸಾಕ್ಷಿ. ಮಹಾರಾಷ್ಟ್ರದ ಜುನ್ನರ ತಾಲೂಕಿನ ದರೇವಾಡಿಯಲ್ಲಿ 2012ರಲ್ಲಿ ಸುಮಾರು 40 ಮನೆಗಳಿಗೆ ಇಂಥ ಬೆಳಕು ಬಂದಿತು. ಮನೆಗೊಂದು ಮೀಟರು, ಬಳಸಿದಷ್ಟಕ್ಕೆ ಹಣ, ವಸೂಲಿ ಮತ್ತು ಲೆಕ್ಕದ ಹೊಣೆ ಊರವರದೇ. ಬಿಹಾರದ ಧರನೈ ಗ್ರಾಮದಲ್ಲಿ 2014ರಲ್ಲಿ 100 ಕಿಲೋವಾಟಿನ ದೊಡ್ಡ ವ್ಯವಸ್ಥೆಯೇ ಸ್ಥಾಪಿತವಾಯಿತು. ಸ್ವಲ್ಪ ಕಾಲದಲ್ಲೇ ಸರಕಾರದ ಅಗ್ಗದ ತಂತಿ ಊರಿಗೆ ಬಂತು. ಜನ ಅತ್ತ ವಾಲಿದರು. ಸೋತ ಬ್ಯಾಟರಿಗಳನ್ನು ಬದಲಿಸುವವರಿಲ್ಲದೆ, ಬಿಸಿಲು ಎಂದಿನಂತೆ ಸುರಿಯುತ್ತಿದ್ದರೂ ಆ ವ್ಯವಸ್ಥೆ ನಿಂತುಹೋಯಿತು.

ಉತ್ತರ ಕರ್ನಾಟಕಕ್ಕೆ ಈ ಜವಾಬ್ದಾರಿ ಹೊಸದಲ್ಲ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ, ಸದಸ್ಯರ ಸಂಘವೂ ವಿದ್ಯುತ್ತು ಹಂಚಬಲ್ಲುದೆಂದು ತೋರಿಸಿತು. ಈಗ ದೊಡ್ಡ ತಂತಿ ಹಳ್ಳಿಗಳಿಗೆ ಮುಟ್ಟಿದೆ, ನಿಜ. ಆದರೆ ಗಾಳಿಮಳೆಗೆ ಆ ತಂತಿ ಹರಿದ ರಾತ್ರಿ ಹೆರಿಗೆಯ ಕೋಣೆಗೆ, ಓದುವ ಮಕ್ಕಳಿಗೆ, ಕುಡಿಯುವ ನೀರಿನ ಪಂಪಿಗೆ ಊರಿನದೇ ಆದ ಕಿರುಜಾಲವೊಂದು ಆಸರೆಯಾದೀತು. ಫಲಕಗಳನ್ನು ಯಾರಾದರೂ ದಾನವಾಗಿ ಕೊಟ್ಟಾರು. ಅವುಗಳೊಡನೆ ನಂಬಿಕೆಯ ಒಂದು ಲೆಕ್ಕದ ಪುಸ್ತಕವನ್ನೂ ಊರು ತೆರೆದಿಡಬೇಕು. ಅಂಥ ಪುಸ್ತಕವನ್ನು ಕಣಗಿನಹಾಳ 1905ರಲ್ಲಿಯೇ ತೆರೆದಿತ್ತು.