ಸಿಂದಗಿಗೆ ಬಂದ ಬೆಲ್‌ಬಾಟಮ್

ಸಿಂದಗಿಯಲ್ಲಿ ಹೊಲಿಗೆ ಮಷಿನ್ ತುಳಿಯುತ್ತಲೇ ತಲೆ ನರೆತವ ನಾನು. ಹಳ್ಳಿಗೆ ಹೊಸ ಫ್ಯಾಶನ್ ತಂದವರು ಯಾರು ಎಂದರೆ ಬಹಳ ಮಂದಿ ಸಿನಿಮಾದ ಹೆಸರು ಹೇಳುತ್ತಾರೆ. ಸಿನಿಮಾ ಆಸೆ ಹುಟ್ಟಿಸಿದ್ದು ಖರೆ. ಆದರೆ ಹೊಸ ನಮೂನೆಯ ಪ್ಯಾಂಟನ್ನು ಕೈಯಲ್ಲಿ ಹಿಡಿದು ನನ್ನ ಅಂಗಡಿಯ ಕಟ್ಟೆ ಹತ್ತಿದವರು ಗೋವಾ, ಮುಂಬೈ, ಸೊಲ್ಲಾಪುರಕ್ಕೆ ದುಡಿಯಲು ಹೋಗಿದ್ದ ಹುಡುಗರು.

ದೂರದ ಇಂಗ್ಲೆಂಡಿನಲ್ಲೂ ಹೀಗೇ ಆಗಿತ್ತು. ಎರಡನೇ ಮಹಾಯುದ್ಧ ಮುಗಿದರೂ ಅಲ್ಲಿ ಬಟ್ಟೆಗೆ 1949ರವರೆಗೆ ರೇಷನ್ ಇತ್ತು. ಅಂಥ ಹೊತ್ತಿನಲ್ಲಿ ಲಿವರ್‌ಪೂಲ್ ಬಂದರಿನ ಬಡವರ ಮಕ್ಕಳು ಕ್ಯೂನಾರ್ಡ್ ಕಂಪನಿಯ ಪ್ರಯಾಣಿಕ ಹಡಗುಗಳಲ್ಲಿ ಊಟ ಬಡಿಸುವ, ಅಡುಗೆಮನೆಯ ಕೆಲಸಕ್ಕೆ ಸೇರಿ ನ್ಯೂಯಾರ್ಕ್‌ಗೆ ಹೋಗಿ ಬರುತ್ತಿದ್ದರು. ಬರುವಾಗ ಅಮೆರಿಕದ ಸೂಟು, ಗ್ರಾಮಫೋನ್ ತಟ್ಟೆಗಳನ್ನು ತರುತ್ತಿದ್ದರು. ಊರವರು ಅವರನ್ನು ‘ಕ್ಯೂನಾರ್ಡ್ ಯಾಂಕ್ಸ್’ ಎಂದು ಕರೆದರು. ಅವರಲ್ಲೊಬ್ಬ ನ್ಯೂಯಾರ್ಕಿನಲ್ಲಿ ಕೊಂಡಿದ್ದ ಗ್ರೆಚ್ ಗಿಟಾರ್ 1961ರಲ್ಲಿ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಕೈ ಸೇರಿತು.

ನಮ್ಮ ಜಿಲ್ಲೆಗೆ ಕಡಲಿಲ್ಲ. ಅಮೆರಿಕದ ಹಾಡು ನಮ್ಮಲ್ಲಿಗೆ ಮುಂಬೈ ಸುತ್ತಿ ಬಂತು. 1935ರಲ್ಲಿ ಲಿಯಾನ್ ಅಬೆ ಎಂಬ ಕರಿಯ ಸಂಗೀತಗಾರ ತನ್ನ ಜಾಝ್ ತಂಡ ಕಟ್ಟಿಕೊಂಡು ಮುಂಬೈಯ ತಾಜ್ ಹೋಟೆಲಿಗೆ ಬಂದ. ಆ ಕಾಲದ ಗೋವಾದ ವಾದ್ಯಗಾರರು ಇಂಥ ತಂಡಗಳನ್ನು ಕೇಳಿ ಕಲಿತರು, ಆಮೇಲೆ ಹಿಂದಿ ಸಿನಿಮಾದ ವಾದ್ಯವೃಂದಗಳಿಗೆ ಸೇರಿದರು. ಸಿ. ರಾಮಚಂದ್ರ ಸಂಗೀತ ಕೊಟ್ಟ ‘ಅಲ್ಬೇಲಾ’ (1951) ಚಿತ್ರದಲ್ಲಿ ಗೋವಾದ ಚಿಕ್ ಚಾಕೊಲೇಟ್ ತನ್ನ ತಂಡದೊಂದಿಗೆ ಪರದೆಯ ಮೇಲೇ ಕಾಣಿಸುತ್ತಾನೆ. ಆಕಾಶವಾಣಿ ಸಿನಿಮಾ ಹಾಡುಗಳನ್ನು ದೂರ ಇಟ್ಟಾಗ, 1952ರಿಂದ ರೇಡಿಯೋ ಸಿಲೋನ್‌ನ ‘ಬಿನಾಕಾ ಗೀತಮಾಲಾ’ ಅವನ್ನು ಮನೆಮನೆಗೆ ಮುಟ್ಟಿಸಿತು. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ಸ್ಟೇಷನ್ನುಗಳಲ್ಲಿ ಇಳಿಯುವ ಹುಡುಗರ ಹೆಗಲಿಗೆ ಟ್ರಾನ್ಸಿಸ್ಟರ್ ಬಂದ ಮೇಲಂತೂ ಹೊಲದ ಬದುವಿನ ಮೇಲೂ ಟ್ರಂಪೆಟ್ ಕೇಳಿಸಿತು.

ಬಟ್ಟೆ ಬಂದದ್ದು ಹೆಚ್ಚಾಗಿ ಗೋವಾದಿಂದ. 1961ರಲ್ಲಿ ಪೋರ್ಚುಗೀಸರ ಆಳ್ವಿಕೆ ಮುಗಿದ ಮೇಲೆ ಮುದ್ದೇಬಿಹಾಳ, ಬಾಗೇವಾಡಿ, ಸಿಂದಗಿ ಕಡೆಯ ಜನ ಮಳೆ ಕೈಕೊಟ್ಟಾಗಲೆಲ್ಲ ಅಲ್ಲಿಗೆ ದುಡಿಯಲು ಹೋದರು. ಹಲವರು ಮುರಗಾಂವ್ ಬಂದರಿನ ಪಕ್ಕದ ವಾಸ್ಕೊದಲ್ಲಿ ನೆಲೆ ನಿಂತರು. ಜಾತ್ರೆಗೆ ಊರಿಗೆ ಬಂದಾಗ ಕಣ್ಣಿಗೆ ತಂಪು ಕನ್ನಡಕ, ಕಾಲಿಗೆ ಬೆಲ್‌ಬಾಟಮ್. “ಹಡಗಿನ ಖಲಾಸಿ ಕಡೆ ತಗೊಂಡೀನ್ರಿ ಟೇಲರಣ್ಣ, ಇಂಥಾದ್ದೇ ಇನ್ನೊಂದು ಹೊಲೀರಿ” ಅನ್ನುವರು. ಬೆಲ್‌ಬಾಟಮ್ ಮೊದಲಿಗೆ ನಾವಿಕರ ಉಡುಪೇ. ಅಮೆರಿಕದ ನೌಕಾಪಡೆಯವರು ತೊಡುತ್ತಿದ್ದುದನ್ನು 1960ರ ದಶಕದಲ್ಲಿ ಅಲ್ಲಿನ ಹುಡುಗ ಹುಡುಗಿಯರು ಫ್ಯಾಶನ್ ಮಾಡಿಕೊಂಡರು.

ಅದನ್ನು ಇದ್ದ ಹಾಗೇ ಹೊಲಿದರೆ ಸಿಂದಗಿಯಲ್ಲಿ ನಡೆಯುತ್ತಿರಲಿಲ್ಲ. ಅಂಚು ನೆಲ ಗುಡಿಸಿದರೆ ನಮ್ಮ ಎರಿಮಣ್ಣು ಒಂದೇ ಮಳೆಗೆ ಅದನ್ನು ಹಿಡಿದುಕೊಂಡುಬಿಡುತ್ತದೆ. ಹಾಗಾಗಿ ಉದ್ದ ಸ್ವಲ್ಪ ತಗ್ಗಿಸಿ, ಅಂಚು ಸವೆಯದಂತೆ ಒಳಗಿನಿಂದ ಸುತ್ತಲೂ ಜಿಪ್ಪಿನ ಚೈನು ಹಚ್ಚುತ್ತಿದ್ದೆ. ಹೊಸ ಟೆರಿಕಾಟ್ ಕೊಳ್ಳಲು ಆಗದವರ ಹಳೇ ಪ್ಯಾಂಟಿನ ಹೊಲಿಗೆಯನ್ನು ಮೊಣಕಾಲಿನ ಕೆಳಗೆ ಬಿಚ್ಚಿ, ಮೂರು ಮೂಲೆಯ ತುಂಡು ಸೇರಿಸಿ ಅಗಲ ಮಾಡಿಕೊಡುತ್ತಿದ್ದೆ. ಧೋತರ ಉಟ್ಟ ಹಿರಿಯರೊಬ್ಬರು ಮಗನ ಪ್ಯಾಂಟು ಎತ್ತಿ ಹಿಡಿದು, “ಏನಪಾ ಟೇಲರ, ಇದರಾಗ ಚೀಲ ಜ್ವಾಳ ಹಿಡೀತಾವಲ್ಲೋ” ಅಂದಿದ್ದರು. ಬೈದರೇನು, ಹೊಲಿಗೆಯ ರೊಕ್ಕ ಅವರೇ ಕೊಟ್ಟರು.

ಅಮೆರಿಕದ ಟ್ರಂಪೆಟ್ ಗೋವಾದವರ ಕೈಯಲ್ಲಿ ಹಿಂದಿ ಹಾಡಾದಂತೆ, ನಾವಿಕರ ಪ್ಯಾಂಟು ನಮ್ಮಲ್ಲಿ ನಮ್ಮದೇ ಅಳತೆಗೆ ಬಂತು. ಈಗ ಹುಡುಗರು ಮೊಬೈಲಿನಲ್ಲಿ ಕೊರಿಯಾದ ಹಾಡುಗಾರರ ಫೋಟೋ ತೋರಿಸುತ್ತಾರೆ. ನಾನು ಫೋಟೋ ನೋಡಿ, ಟೇಪು ತಗೊಂಡು, “ಚಕ್ಕಳಮಕ್ಕಳ ಹಾಕಿ ಕುಂಡ್ರು” ಅನ್ನುತ್ತೇನೆ. ಪಂಕ್ತಿಯಲ್ಲಿ ಕೂತು ಉಣ್ಣುವವನಿಗೆ ಫೋಟೋದ ಅಳತೆಗಿಂತ ಒಂದಿಂಚು ಹೆಚ್ಚಿಗೆ ಬೇಕು.