ಎಚ್ಚರಿಕೆ ಬಂದರೆ ಮುಂದೆ ಹೋಗಬೇಡಿ

ದೇವದುರ್ಗ ತಾಲೂಕಿನ ನಮ್ಮ ಜಾಲಹಳ್ಳಿಯ ಒಂದು ಆನ್‌ಲೈನ್ ಸೆಂಟರ್‌ನಲ್ಲಿ ಹಿರಿಯರೊಬ್ಬರು ಬ್ಯಾಂಕ್ ಪಾಸ್‌ಬುಕ್ ಹಿಡಿದು ಅರ್ಜಿ ತುಂಬಿಸಲು ನಿಂತಿದ್ದರು. ಪರದೆಯ ಮೇಲೆ 'ನಿಮ್ಮ ಸಂಪರ್ಕ ಸುರಕ್ಷಿತವಾಗಿಲ್ಲ' ಎಂಬ ಎಚ್ಚರಿಕೆ ಬಂತು. 'ಏನಂತದೋ ತಮ್ಮಾ ಅದು?' ಎಂದು ಕೇಳಿದರು. 'ಏನಿಲ್ಲ ಬಿಡ್ರಿ ಕಾಕಾ, ದಿನಾ ಬರ್ತದ' ಎಂದ ಸೆಂಟರ್‌ನ ಹುಡುಗ 'ಅಡ್ವಾನ್ಸ್ಡ್' ಒತ್ತಿ ಒಳಗೆ ಹೋಗಿಯೇ ಬಿಟ್ಟ.

ಆ ಕಂಪ್ಯೂಟರ್‌ನ ಒಳಗಿದ್ದ ಬಿಲ್ಲೆಯಂಥ ಪುಟ್ಟ ಬ್ಯಾಟರಿ ಸತ್ತಿತ್ತು. ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತಿತ್ತು. ಪ್ರತಿ ಸುರಕ್ಷಿತ ವೆಬ್‌ಸೈಟ್‌ಗೂ ಒಂದು ಸರ್ಟಿಫಿಕೇಟ್ ಇರುತ್ತದೆ, ಅದಕ್ಕೊಂದು ಅವಧಿಯೂ ಇರುತ್ತದೆ. ತಾರೀಖು ತಪ್ಪಿದ ಕಂಪ್ಯೂಟರ್‌ಗೆ ಎಲ್ಲ ಸರ್ಟಿಫಿಕೇಟ್‌ಗಳೂ ಇನ್ನೂ ಜಾರಿಗೆ ಬಾರದಂತೆ ಕಾಣುತ್ತವೆ. ಬ್ಯಾಟರಿ ಬದಲಿಸಿ ತಾರೀಖು ಸರಿಮಾಡಿದ್ದರೆ ಮುಗಿಯುತ್ತಿತ್ತು. ಬದಲಿಗೆ ಎಚ್ಚರಿಕೆಯನ್ನು ಲೆಕ್ಕಿಸದಿರುವುದೇ ಅಲ್ಲಿ ರೂಢಿಯಾಗಿತ್ತು. ಈ ರೂಢಿಯೇ ನನಗೆ ಭಯ ಹುಟ್ಟಿಸುವುದು. ನಾಳೆ ನಿಜವಾದ ಮೋಸದ ಪುಟ ಬಂದರೂ ಬೆರಳು ತಾನಾಗಿ ಒತ್ತುತ್ತದೆ.

ದೇವದುರ್ಗ, ಮಾನ್ವಿ ಕಡೆಯ ಹತ್ತಿ, ತೊಗರಿ ಬೆಳೆಗಾರರು ಹೆಸರು ನೋಂದಾಯಿಸುವ ಒಂದು ಸಣ್ಣ ವೆಬ್‌ಸೈಟನ್ನು ನಾನು ನೋಡಿಕೊಳ್ಳುತ್ತೇನೆ. ಫೋನ್ ನಂಬರ್, ಬ್ಯಾಂಕ್ ಖಾತೆ ಎಲ್ಲವೂ ಅದರಲ್ಲಿ ಬರುತ್ತವೆ. ಜನ ಎಚ್ಚರಿಕೆಯನ್ನು ನಂಬಬೇಕಾದರೆ, ಕಾರಣವಿಲ್ಲದೆ ಎಚ್ಚರಿಕೆ ಬಾರದಂತೆ ನೋಡಿಕೊಳ್ಳಬೇಕಾದವರು ಸೈಟ್ ನಡೆಸುವ ನಾವು. ಸರ್ಟಿಫಿಕೇಟ್ ನವೀಕರಣವನ್ನು ಯಾರ ನೆನಪಿಗೂ ಬಿಡದೆ ಸರ್ವರ್‌ಗೇ ಒಪ್ಪಿಸಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ.

ಸರ್ಟಿಫಿಕೇಟ್ ಎಂದರೆ ನಾಡಕಚೇರಿಯ ಆದಾಯ ಪ್ರಮಾಣಪತ್ರ ಇದ್ದಂತೆ. ನೀವು ಹೇಳಿದ್ದನ್ನು ಮೂರನೆಯವರೊಬ್ಬರು ಪರಿಶೀಲಿಸಿ, ಇಂತಿಷ್ಟು ಕಾಲ ಸಲ್ಲುತ್ತದೆ ಎಂದು ಸಹಿ ಹಾಕುತ್ತಾರೆ. ಇಲ್ಲಿ ಪರಿಶೀಲಿಸುವುದು ಒಂದೇ ಸಂಗತಿ: ಈ ಹೆಸರಿನ ಸೈಟ್ ನಿಜಕ್ಕೂ ನಿಮ್ಮ ಕೈಯಲ್ಲಿದೆಯೇ? ಈ ಸರ್ಟಿಫಿಕೇಟ್ ಇದ್ದರೆ ಫೋನ್‌ಗೂ ಸರ್ವರ್‌ಗೂ ನಡುವಿನ ಮಾತುಕತೆ ಗೂಢಲಿಪಿಯಲ್ಲಿ ಸಾಗುತ್ತದೆ, ಬಸ್ ಸ್ಟ್ಯಾಂಡ್‌ನ ವೈಫೈಯಲ್ಲಿ ಹೊಂಚು ಹಾಕಿದವನಿಗೆ ಅದು ಓದಲು ಸಿಗುವುದಿಲ್ಲ.

ಹಿಂದೆ ಇದನ್ನು ಸಾಮಾನ್ಯವಾಗಿ ಹಣ ಕೊಟ್ಟು ಕೊಳ್ಳಬೇಕಿತ್ತು. ಸಣ್ಣ ಶಾಲೆ, ಸಂಘಗಳು ಅದರ ಗೋಜಿಗೇ ಹೋಗುತ್ತಿರಲಿಲ್ಲ. ಅಮೆರಿಕದ ಲಾಭರಹಿತ ಸಂಸ್ಥೆಯೊಂದು ನಡೆಸುವ ಲೆಟ್ಸ್ ಎನ್‌ಕ್ರಿಪ್ಟ್ 2015ರ ಸೆಪ್ಟೆಂಬರ್‌ನಲ್ಲಿ ತನ್ನ ಮೊದಲ ಸರ್ಟಿಫಿಕೇಟ್ ನೀಡಿತು. ಆ ಡಿಸೆಂಬರ್‌ನಲ್ಲಿ ಎಲ್ಲರಿಗೂ ಬಾಗಿಲು ತೆರೆಯಿತು, ಅದೂ ಉಚಿತವಾಗಿ. ಕೊಡುವ, ಪಡೆಯುವ ಕೆಲಸ ಎರಡನ್ನೂ ಯಂತ್ರಗಳೇ ಮಾಡುವ ಏರ್ಪಾಡು ಅದು. ಆ ಯಂತ್ರಗಳು ಪರಸ್ಪರ ಮಾತಾಡುವ ಕ್ರಮಕ್ಕೆ ಆಕ್ಮಿ ಎಂದು ಹೆಸರು. 2019ರಲ್ಲಿ ಅದು ಅಂತರ್ಜಾಲದ ಮಾನದಂಡವೂ ಆಯಿತು.

ಸರ್ವರ್‌ನಲ್ಲಿ ಸರ್ಟ್‌ಬಾಟ್ ಎಂಬ ಉಚಿತ ತಂತ್ರಾಂಶ ಹಾಕಿ, ಸೈಟ್‌ನ ಹೆಸರು ಕೊಟ್ಟು, ಒಂದೇ ಸಾಲಿನ ಆದೇಶ ಕೊಡುತ್ತೇವೆ. ಅದು ಮೊದಲು ಗುಪ್ತ ಕೀಲಿಯೊಂದನ್ನು ತಯಾರಿಸುತ್ತದೆ, ಈ ಕೀಲಿ ಸರ್ವರ್ ಬಿಟ್ಟು ಹೊರಗೆ ಹೋಗುವುದಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಒಂದು ಸಂಕೇತ ಕೊಟ್ಟು, 'ಇದನ್ನು ನಿಮ್ಮ ಸೈಟ್‌ನ ಈ ವಿಳಾಸದಲ್ಲಿ ಇಡಿ' ಎನ್ನುತ್ತದೆ. ಸರ್ಟ್‌ಬಾಟ್ ಇಡುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಹಲವು ಕಡೆಗಳಿಂದ ಬಂದು ನೋಡಿ, ಸಂಕೇತ ಸರಿಯಿದ್ದರೆ ಸಹಿ ಹಾಕಿದ ಸರ್ಟಿಫಿಕೇಟ್ ಕಳಿಸುತ್ತದೆ. ಎಲ್ಲ ಸರಿಯಿದ್ದರೆ ಚಹಾ ಕಾಯುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ.

ಹೀಗೆ ಸಿಕ್ಕಿದ್ದು ಸಾಮಾನ್ಯವಾಗಿ 90 ದಿನ ಸಲ್ಲುತ್ತದೆ. ಆಮೇಲಿನದು ಸರ್ಟ್‌ಬಾಟ್ ಜೊತೆಗಿನ ಟೈಮರ್‌ನ ಕೆಲಸ. ಅದು ದಿನಕ್ಕೆ ಎರಡು ಸಲ ಎದ್ದು ಅವಧಿ ನೋಡುತ್ತದೆ, ಮುಗಿಯಲು ಸುಮಾರು 30 ದಿನ ಉಳಿದಾಗ ಹೊಸದನ್ನು ತರುತ್ತದೆ. ಇವತ್ತು ವಿಫಲವಾದರೆ ನಾಳೆ ಮತ್ತೆ ಯತ್ನಿಸಲು ಒಂದು ತಿಂಗಳ ಬಿಡುವಿರುತ್ತದೆ. ಸರ್ವರ್ ಆಫ್ ಆಗಿದ್ದು ಹೊತ್ತು ತಪ್ಪಿದ್ದರೆ, ಮತ್ತೆ ಆನ್ ಆದಾಗ ತಪ್ಪಿದ ಕೆಲಸ ಮಾಡಿಕೊಳ್ಳುತ್ತದೆ. ನಮ್ಮ ಭಾಗದ ಕರೆಂಟ್ ಬಲ್ಲವರಿಗೆ ಇದರ ಬೆಲೆ ಗೊತ್ತು.

ಎರಡು ಕಡೆ ಎಡವುವವರು ಹೆಚ್ಚು. ಸುರಕ್ಷತೆಗೆಂದು 80ನೇ ಪೋರ್ಟ್ ಎಂಬ ಸರ್ವರ್‌ನ ಬಾಗಿಲನ್ನು ಮುಚ್ಚಿಬಿಡುತ್ತಾರೆ. ಸಂಕೇತ ನೋಡಲು ಬರುವವರು ಅದೇ ಬಾಗಿಲಿಂದ ಬರಬೇಕು. ಹೊಸ ಸರ್ಟಿಫಿಕೇಟ್ ಬಂದರೂ ವೆಬ್ ಸರ್ವರ್‌ಗೆ ಅದನ್ನು ಓದಲು ಹೇಳದೆ ಬಿಡುತ್ತಾರೆ. ಅದು ಹಳೆಯದನ್ನೇ ತೋರಿಸುತ್ತ ಕೂರುತ್ತದೆ. ಮೊದಲನೆಯದನ್ನು ಮುಂಚೆಯೇ ಹಿಡಿಯಲು 'ಡ್ರೈ ರನ್' ಎಂಬ ನವೀಕರಣದ ತಾಲೀಮು ಮಾಡಿ ನೋಡಲೇಬೇಕು.

ಇಷ್ಟು ಚಿಕ್ಕ ಅವಧಿ ಯಾಕೆ? ಕೀಲಿ ಕಳುವಾದರೂ, ಸರ್ಟಿಫಿಕೇಟ್ ತಪ್ಪಾಗಿ ಕೊಟ್ಟಿದ್ದರೂ ಹಾನಿ ಬೇಗ ಮುಗಿಯಲಿ ಎಂದು. ತಪ್ಪು ನಮ್ಮ ದೇಶದಲ್ಲೂ ಆಗಿದೆ. 2014ರ ಜುಲೈನಲ್ಲಿ ಕೇಂದ್ರ ಸರ್ಕಾರದ ಎನ್‌ಐಸಿಯ ಸರ್ಟಿಫಿಕೇಟ್ ವಿಭಾಗದಿಂದ ಗೂಗಲ್‌ನ ಹಲವು ಹೆಸರುಗಳಿಗೆ ಅನಧಿಕೃತ ಸರ್ಟಿಫಿಕೇಟ್‌ಗಳು ಹೊರಬಿದ್ದದ್ದು ಪತ್ತೆಯಾಗಿ, ಅವನ್ನು ರದ್ದು ಮಾಡಬೇಕಾಯಿತು. ಬ್ರೌಸರ್ ಕಂಪನಿಗಳೂ ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳೂ 2025ರಲ್ಲಿ ಒಪ್ಪಿದ ನಿಯಮದಂತೆ ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್‌ನಿಂದ 100 ದಿನ, 2029ರ ಮಾರ್ಚ್‌ನಿಂದ ಬರೀ 47 ದಿನ. ಅವಧಿ ಮುಗಿಯುತ್ತಿದೆ ಎಂದು ಕಳಿಸುತ್ತಿದ್ದ ಇಮೇಲನ್ನೂ ಲೆಟ್ಸ್ ಎನ್‌ಕ್ರಿಪ್ಟ್ 2025ರ ಜೂನ್‌ನಲ್ಲಿ ನಿಲ್ಲಿಸಿತು. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡು ನಿಭಾಯಿಸುವ ಕಾಲ ಮುಗಿಯಿತು.

ಒಂದು ಮಾತನ್ನು ಮಾತ್ರ ಓದುಗರು ಮರೆಯಬಾರದು. ಸೈಟ್ ನಡೆಸುವವರು ಪ್ರಾಮಾಣಿಕರು ಎಂದು ಸರ್ಟಿಫಿಕೇಟ್ ಹೇಳುವುದಿಲ್ಲ. ಮೋಸಗಾರನೂ ತನ್ನ ಸೈಟ್‌ಗೆ ಅದನ್ನು ಪಡೆಯಬಲ್ಲ. ಎಚ್ಚರಿಕೆ ಬರದಿದ್ದರೂ ವಿಳಾಸದ ಪ್ರತಿ ಅಕ್ಷರ ಓದಿ. ಬಂದರಂತೂ ಮೊದಲು ತಾರೀಖು ಸರಿಯಿದೆಯೇ ನೋಡಿ. ಸರಿಯಿದ್ದರೆ ಅಲ್ಲಿಗೇ ನಿಲ್ಲಿಸಿ, ಖಾತೆ ನಂಬರ್ ಕೊಡಬೇಡಿ.

ನಿಮ್ಮೂರಿನ ಶಾಲೆಗೋ ಸಹಕಾರ ಸಂಘಕ್ಕೋ ವೆಬ್‌ಸೈಟ್ ಇದ್ದರೆ, ಅದನ್ನು ಮಾಡಿಕೊಟ್ಟವರನ್ನು ಎರಡು ಪ್ರಶ್ನೆ ಕೇಳಿ: ಸರ್ಟಿಫಿಕೇಟ್ ತಾನಾಗಿ ನವೀಕರಣವಾಗುತ್ತದೆಯೇ? ಆಗದಿದ್ದ ದಿನ ಯಾರಿಗೆ ಸುದ್ದಿ ಮುಟ್ಟುತ್ತದೆ? ಉತ್ತರ ತಡವರಿಸಿದರೆ ಈ ವಾರವೇ ಕೂರಿಸಿಕೊಂಡು ಮಾಡಿಸಿ. ಇದಕ್ಕೆ ಹಣ ಬೇಡ, ಒಂದು ಮಧ್ಯಾಹ್ನ ಸಾಕು.