ಗುಣವಾದ ಕಾಯಿಲೆಯನ್ನೂ ಬರೆಯಬೇಕೇ? ಪೈಲಟ್‌ಗಳನ್ನು ಕಾಡುವ ಒಂದು ಪ್ರಶ್ನೆ

ಮುಂಬಯಿ: ವೈದ್ಯಕೀಯ ತಪಾಸಣೆಗೆ ಬಂದ ಪೈಲಟ್‌ನ ರಕ್ತ, ಮೂತ್ರ, ಹೃದಯ, ಕಣ್ಣು, ಕಿವಿಗಳನ್ನು ಪರೀಕ್ಷಿಸಲು ಯಂತ್ರಗಳಿವೆ. ಆದರೆ ಅರ್ಜಿಯ ಒಂದು ಭಾಗವನ್ನು ಪರೀಕ್ಷಿಸಲು ಯಾವ ಯಂತ್ರವೂ ಇಲ್ಲ. ಈ ಹಿಂದೆ ಯಾವ ಕಾಯಿಲೆ ಬಂದಿತ್ತು, ಆಸ್ಪತ್ರೆಗೆ ದಾಖಲಾಗಿದ್ದುಂಟೇ, ಶಸ್ತ್ರಚಿಕಿತ್ಸೆ ಆಗಿದೆಯೇ, ಮೊದಲೊಮ್ಮೆ ಅನರ್ಹರೆಂದು ತಿರಸ್ಕೃತರಾಗಿದ್ದಿರಾ? ಇದಕ್ಕೆ ಉತ್ತರ ಅರ್ಜಿದಾರನ ಬಾಯಿಂದಲೇ ಬರಬೇಕು, ಕೆಳಗೆ ಅವನ ಸಹಿಯೇ ಬೀಳಬೇಕು.

ಪೆನ್ನು ನಿಲ್ಲುವುದು ಇಲ್ಲೇ. ಚಿಕ್ಕಂದಿನಲ್ಲಿ ಒಮ್ಮೆ ಬಂದ ಫಿಟ್ಸ್, ಕಾಲೇಜು ದಿನಗಳ ಕಿಡ್ನಿ ಕಲ್ಲು, ತಂದೆ ತೀರಿಕೊಂಡಾಗ ಆರು ತಿಂಗಳು ನುಂಗಿದ ನಿದ್ದೆ ಮಾತ್ರೆ. 'ಎಲ್ಲ ಗುಣವಾಗಿದೆಯಲ್ಲ ಮಗಾ, ಸುಮ್ಮನೆ ಯಾಕೆ ಬರೆಯುವುದು' ಎಂದು ಮನೆಯಲ್ಲಿ ಹಿರಿಯರು ಹೇಳುವುದುಂಟು. ಅವರ ಮಾತಿಗೆ ಕಾರಣವಿಲ್ಲದಿಲ್ಲ. ಹೆಣ್ಣು-ಗಂಡು ನೋಡುವಾಗ ಕಾಯಿಲೆಯ ಸುದ್ದಿ ಎತ್ತದಿರುವುದು ನಮ್ಮಲ್ಲಿ ನಡೆದುಬಂದ ರೂಢಿ. ವಿಮಾ ಪಾಲಿಸಿಯ ಅರ್ಜಿಯಲ್ಲಿ ಎಲ್ಲ ಪ್ರಶ್ನೆಗೂ 'ಇಲ್ಲ' ಎಂದು ಏಜೆಂಟರೇ ಗೀಟು ಹಾಕಿಕೊಡುವುದನ್ನು ಕಾಣದವರು ವಿರಳ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡಬಹುದೆಂಬ ಗಾದೆಯೇ ಇದೆ. ಆದರೆ ಪೈಲಟ್‌ನ ಅರ್ಜಿಯಲ್ಲಿ ಈ ಲೆಕ್ಕ ಹೇಗೆ ತಿರುಗಿ ಹೊಡೆಯುತ್ತದೆ ಎನ್ನುವುದಕ್ಕೆ ಅಮೆರಿಕದ ಒಂದು ಪ್ರಕರಣ ಕಣ್ಣೆದುರಿಗಿದೆ.

ಕೂಪರ್ ಪ್ರಕರಣ

ಸ್ಟ್ಯಾನ್‌ಮೋರ್ ಕೂಪರ್ ಅವರು 1964ರಲ್ಲಿ ಖಾಸಗಿ ಪೈಲಟ್ ಪರವಾನಗಿ ಪಡೆದವರು. 1985ರಲ್ಲಿ ಅವರಿಗೆ ಎಚ್‌ಐವಿ ಸೋಂಕು ಇರುವುದು ಗೊತ್ತಾಯಿತು. ಆಗ ಅಲ್ಲಿನ ವಿಮಾನಯಾನ ಇಲಾಖೆ ಎಚ್‌ಐವಿ ಇದ್ದವರಿಗೆ ವೈದ್ಯಕೀಯ ಸರ್ಟಿಫಿಕೇಟ್ ಕೊಡುತ್ತಿರಲಿಲ್ಲ. ಕೂಪರ್ ತಾವಾಗಿಯೇ ಹಾರಾಟ ನಿಲ್ಲಿಸಿದರು. ಅಲ್ಲಿಗೇ ಮುಗಿದಿದ್ದರೆ ಅದು ಯಾರಿಗೂ ತಿಳಿಯದೆ ಹೋಗುವ ವಿಷಯವಾಗಿತ್ತು. ಆದರೆ 1994ರಲ್ಲಿ ಅವರು ಸೋಂಕಿನ ವಿಚಾರ ಬರೆಯದೆ ಅರ್ಜಿ ಹಾಕಿ ಸರ್ಟಿಫಿಕೇಟ್ ಪಡೆದರು. 1998, 2000, 2002, 2004ರಲ್ಲಿ ನವೀಕರಿಸಿದಾಗಲೂ ಅದನ್ನೇ ಮಾಡಿದರು. ಒಂದು ಸುಳ್ಳು ಐದು ಸಹಿಗಳ ಸುಳ್ಳಾಯಿತು.

ಈ ನಡುವೆ 1995ರಲ್ಲಿ ಆರೋಗ್ಯ ತೀರಾ ಹದಗೆಟ್ಟಾಗ ಅವರು ಸಾಮಾಜಿಕ ಭದ್ರತಾ ಇಲಾಖೆಯಿಂದ ಅಂಗವೈಕಲ್ಯ ನೆರವು ಕೋರಿದ್ದರು. ಅಲ್ಲಿ ಕಾಯಿಲೆಯ ನಿಜವನ್ನೇ ಬರೆದಿದ್ದರು. ಒಂದು ಇಲಾಖೆಗೆ ನಿಜ, ಇನ್ನೊಂದಕ್ಕೆ ಸುಳ್ಳು. ಸರಕಾರದ ಎರಡು ಕಚೇರಿಗಳು ಪರಸ್ಪರ ಮಾತನಾಡುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಮಾತ್ರವಲ್ಲ, ಅಲ್ಲೂ ಇದ್ದಂತಿದೆ. ಆದರೆ 2002ರಲ್ಲಿ 'ಆಪರೇಷನ್ ಸೇಫ್ ಪೈಲಟ್' ಹೆಸರಿನಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಸುಮಾರು 45,000 ಪೈಲಟ್‌ಗಳ ಪಟ್ಟಿಯನ್ನು ನೆರವು ಪಡೆಯುತ್ತಿದ್ದವರ ಪಟ್ಟಿಯೊಂದಿಗೆ ತಾಳೆ ನೋಡಲಾಯಿತು. ಕೂಪರ್ ಸಿಕ್ಕಿಬಿದ್ದರು. ಪೈಲಟ್ ಪರವಾನಗಿ ಹೋಯಿತು. ತಪ್ಪೊಪ್ಪಿಕೊಂಡ ಅವರಿಗೆ ಎರಡು ವರ್ಷಗಳ ಪ್ರೊಬೇಷನ್ ಮತ್ತು 1,000 ಡಾಲರ್ ದಂಡವಾಯಿತು. ತಮ್ಮ ಖಾಸಗಿ ಮಾಹಿತಿಯನ್ನು ಇಲಾಖೆಗಳು ಹಂಚಿಕೊಂಡದ್ದರಿಂದ ಮಾನಸಿಕ ಯಾತನೆಯಾಯಿತು ಎಂದು ಅವರು ಪರಿಹಾರ ಕೇಳಿದರು. ಆದರೆ 2012ರ ಮಾರ್ಚ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-3 ಬಹುಮತದಿಂದ ಅದನ್ನು ತಳ್ಳಿಹಾಕಿತು.

ಸುದ್ದಿಯಾದದ್ದು ಇಷ್ಟು. ತೀರ್ಪಿನ ಅಡಿಟಿಪ್ಪಣಿಯೊಂದರಲ್ಲಿ ಇನ್ನೊಂದು ಸಂಗತಿಯಿದೆ. ಕೂಪರ್ ಮುಂದೆ ಮತ್ತೆ ಅರ್ಜಿ ಹಾಕಿದರು. ಈ ಬಾರಿ ಎಚ್‌ಐವಿ ಚಿಕಿತ್ಸೆಯ ದಾಖಲೆಗಳನ್ನೂ ಇಲಾಖೆ ಪರಿಶೀಲಿಸಿತು. ನಂತರ ಅವರಿಗೆ ವೈದ್ಯಕೀಯ ಸರ್ಟಿಫಿಕೇಟನ್ನೂ ಪೈಲಟ್ ಪರವಾನಗಿಯನ್ನೂ ಮರಳಿ ನೀಡಿತು!

ಒಮ್ಮೆ ಬರೆದರೆ ಸಾಲದೇ?

ವೈದ್ಯಕೀಯ ಅರ್ಹತೆಯ ಅಂತಾರಾಷ್ಟ್ರೀಯ ನಿಯಮಗಳು ಶಿಕಾಗೋ ಒಪ್ಪಂದದ ಮೊದಲನೇ ಅನುಬಂಧದಲ್ಲಿವೆ. ಅರ್ಜಿದಾರ ತನ್ನ ಹಾಗೂ ಕುಟುಂಬದ ಆರೋಗ್ಯದ ಹಿನ್ನೆಲೆಯನ್ನು ತನಗೆ ತಿಳಿದಷ್ಟು ಪೂರ್ಣವಾಗಿ ಬರೆದು ಸಹಿ ಮಾಡಬೇಕು, ಹಿಂದೆ ಸರ್ಟಿಫಿಕೇಟ್ ನಿರಾಕರಣೆಯಾಗಿದ್ದರೆ ಅದನ್ನೂ ಹೇಳಬೇಕು ಎಂದು ಅದು ವಿಧಿಸುತ್ತದೆ. ವಿಮಾನ ಸಂಸ್ಥೆಗಳ ಪೈಲಟ್‌ಗಳಿಗೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಅರವತ್ತು ದಾಟಿದ ಮೇಲೆ ಆರು ತಿಂಗಳಿಗೊಮ್ಮೆ ಈ ಪರೀಕ್ಷೆ.

'ಹೋದ ವರ್ಷ ಬರೆದಿದ್ದೆನಲ್ಲ' ಎಂದು ಬಿಡುವವರೂ ಇದ್ದಾರೆ. ಅಮೆರಿಕದ ಅರ್ಜಿಯಲ್ಲಂತೂ ಪ್ರಶ್ನೆ ಇರುವುದೇ 'ಜೀವಮಾನದಲ್ಲಿ ಎಂದಾದರೂ' ಎಂದು. ಹಿಂದೆ ತಿಳಿಸಿದ್ದರೂ ಪ್ರತಿ ಸಲ 'ಹೌದು' ಎಂದೇ ಗುರುತಿಸಿ, 'ಮೊದಲೇ ತಿಳಿಸಿದೆ, ಬದಲಾವಣೆ ಇಲ್ಲ' ಎಂದು ಬರೆದರೆ ಸಾಕು. ಕಳೆದ ಮೂರು ವರ್ಷಗಳಲ್ಲಿ ಕಂಡ ವೈದ್ಯರ ಪಟ್ಟಿಯನ್ನು ಬೇರೆಯಾಗಿ ಕೊಡಬೇಕು. ಬೇಕೆಂದೇ ಸುಳ್ಳು ಬರೆದರೆ 2,50,000 ಡಾಲರ್‌ವರೆಗೆ ದಂಡ, ಐದು ವರ್ಷಗಳವರೆಗೆ ಜೈಲು ಎಂಬ ಎಚ್ಚರಿಕೆಯೂ ಅರ್ಜಿಯ ಜತೆಗಿದೆ.

ಗುಣವಾದದ್ದನ್ನು ಕೇಳುವುದಕ್ಕೂ ಅರ್ಥವಿದೆ. ಕಿಡ್ನಿ ಕಲ್ಲು ಒಮ್ಮೆ ಬಂದವರಿಗೆ ಮತ್ತೆ ಬರುವ ಸಂಭವ ಹೆಚ್ಚು. ನೆಲದ ಮೇಲೆ ಆ ನೋವು ಬಂದರೆ ರಿಕ್ಷಾ ಹಿಡಿದು ಆಸ್ಪತ್ರೆ ಸೇರಬಹುದು. ವಿಮಾನ ಇಳಿಯುವ ಹೊತ್ತಿಗೆ ಬಂದರೆ ಪೈಲಟ್‌ನ ಕೈಯೇ ಆಡದು. ಮೊದಲೇ ಗೊತ್ತಿದ್ದರೆ ವೈದ್ಯರು ಸ್ಕ್ಯಾನ್ ಮಾಡಿಸಿ, ಕಲ್ಲು ಉಳಿದಿಲ್ಲವೆಂದು ಖಚಿತಪಡಿಸಿಕೊಂಡು ಕಳುಹಿಸುತ್ತಾರೆ.

ಆಲ್ಪ್ಸ್‌ನ ಆ ಬೆಳಗ್ಗೆ

ಮುಚ್ಚಿಟ್ಟದ್ದು ಪ್ರಯಾಣಿಕರ ಪ್ರಾಣಕ್ಕೇ ಎರವಾದದ್ದು 2015ರ ಮಾರ್ಚ್ 24ರಂದು. ಬಾರ್ಸಿಲೋನಾದಿಂದ ಡುಸೆಲ್‌ಡಾರ್ಫ್‌ಗೆ ಹೊರಟಿದ್ದ ಜರ್ಮನ್‌ವಿಂಗ್ಸ್ ವಿಮಾನವನ್ನು 27ರ ಹರೆಯದ ಸಹಪೈಲಟ್, ಕ್ಯಾಪ್ಟನ್ ಹೊರಹೋದಾಗ ಕಾಕ್‌ಪಿಟ್ ಬಾಗಿಲು ಹಾಕಿಕೊಂಡು, ಫ್ರಾನ್ಸಿನ ಆಲ್ಪ್ಸ್ ಪರ್ವತಕ್ಕೆ ಅಪ್ಪಳಿಸಿದ. ವಿಮಾನದಲ್ಲಿದ್ದ 150 ಮಂದಿಯೂ ಅಸುನೀಗಿದರು. ಈತನಿಗೆ ತರಬೇತಿಯ ವೇಳೆಯಲ್ಲೇ ಖಿನ್ನತೆ ಬಂದಿತ್ತು. ಅದು ಇಲಾಖೆಯ ದಾಖಲೆಯಲ್ಲೂ ಇತ್ತು, ಗುಣವಾದ ಮೇಲೆ 2009ರಲ್ಲಿ ಷರತ್ತಿನೊಂದಿಗೆ ಸರ್ಟಿಫಿಕೇಟ್ ಸಿಕ್ಕಿತ್ತು. 2014ರ ಡಿಸೆಂಬರ್‌ನಿಂದ ಕಾಯಿಲೆ ಮರುಕಳಿಸಿತು. ಹಲವು ವೈದ್ಯರನ್ನು ಕಂಡ. ಒಬ್ಬರು ಮನೋರೋಗ ಆಸ್ಪತ್ರೆಗೆ ಸೇರುವಂತೆಯೂ ಸೂಚಿಸಿದ್ದರು. ವಿಮಾನಯಾನದ ವೈದ್ಯರಿಗೆ ಮಾತ್ರ ಹೇಳಲಿಲ್ಲ. ಖಾಸಗಿ ವೈದ್ಯರೂ ಗೋಪ್ಯತೆಯ ಕಟ್ಟುಪಾಡಿನಿಂದ ಬಾಯಿಬಿಡಲಿಲ್ಲ.

ಫ್ರಾನ್ಸಿನ ತನಿಖಾ ಸಂಸ್ಥೆಯ ವರದಿಯಲ್ಲಿ ಮಧ್ಯಮ ವರ್ಗದ ಯಾವ ಮನೆಗೂ ಪರಿಚಿತವಾದ ಒಂದು ವಿವರವಿದೆ. ಆತನ ತಲೆಯ ಮೇಲೆ ತರಬೇತಿಗೆ ಮಾಡಿದ ಸುಮಾರು 41,000 ಯೂರೋ ಸಾಲವಿತ್ತು. ಪರವಾನಗಿ ಹೋದರೆ ಸಂಬಳದ ನಷ್ಟ ತುಂಬಿಕೊಡುವ ವಿಮೆ ಇರಲಿಲ್ಲ. ಮನೆ ಅಡವಿಟ್ಟು, ಹತ್ತಾರು ಲಕ್ಷ ಕಟ್ಟಿ ಮಗನನ್ನೋ ಮಗಳನ್ನೋ ಫ್ಲೈಯಿಂಗ್ ಸ್ಕೂಲಿಗೆ ಕಳುಹಿಸಿದ ಹೆತ್ತವರಿಗೆ ಈ ಭಯ ಏನೆಂದು ವಿವರಿಸಬೇಕಾಗಿಲ್ಲ. 'ನಿಜ ಹೇಳಿ' ಎನ್ನುವುದು ಸುಲಭ. ನಿಜ ಹೇಳಿದವನ ಕಂತು ಕಟ್ಟುವವರು ಯಾರು? ಇಲಾಖೆಗಳೂ ವಿಮಾನ ಸಂಸ್ಥೆಗಳೂ ಬಹುಕಾಲ ಈ ಪ್ರಶ್ನೆಗೆ ಕಿವಿಗೊಡಲಿಲ್ಲ ಎನ್ನಬೇಕಾಗುತ್ತದೆ.

ಈಗ ಸ್ವಲ್ಪ ಬದಲಾವಣೆಯಾಗಿದೆ. ಅಮೆರಿಕ 2010ರಲ್ಲಿ ಖಿನ್ನತೆಯ ನಾಲ್ಕು ಔಷಧಿಗಳಿಗೆ ಷರತ್ತಿನ ಅನುಮತಿ ನೀಡಿದಾಗ, ಅದುವರೆಗೆ ಮುಚ್ಚಿಟ್ಟವರು ಆರು ತಿಂಗಳೊಳಗೆ ಹೇಳಿಕೊಂಡರೆ ಇಲಾಖಾ ಕ್ರಮವಿಲ್ಲ ಎಂದಿತು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಬ್ರಿಟನ್ 2012ರಲ್ಲಿ, ಅಮೆರಿಕ 2019ರಲ್ಲಿ ಷರತ್ತುಗಳೊಂದಿಗೆ ವಾಣಿಜ್ಯ ಹಾರಾಟದ ಬಾಗಿಲು ತೆರೆದವು. ನಮ್ಮ ಡಿಜಿಸಿಎ ಕೂಡ 2023ರಲ್ಲಿ ಮಾನಸಿಕ ಆರೋಗ್ಯದ ಮಾರ್ಗಸೂಚಿ ಹೊರಡಿಸಿ, ಪೈಲಟ್‌ಗಳು ಸಹೋದ್ಯೋಗಿಗಳಲ್ಲೇ ಕಷ್ಟ ಹೇಳಿಕೊಳ್ಳುವ ವ್ಯವಸ್ಥೆಗೆ ಒತ್ತು ನೀಡಿತು. ಹಾಗೆಂದು ಹೇಳಿದವರಿಗೆಲ್ಲ ಪರವಾನಗಿ ಉಳಿಯುತ್ತದೆ ಎಂದಲ್ಲ. ಅಪಸ್ಮಾರ ಖಚಿತವಾದವರಿಗೆ ಕಾಕ್‌ಪಿಟ್ ಮುಚ್ಚಿದಂತೆಯೇ. ಹತ್ತಾರು ಲಕ್ಷ ಕಟ್ಟುವ ಮೊದಲೇ ಇದು ತಿಳಿದರೆ ಮನೆಯಾದರೂ ಉಳಿದೀತು. ತಪಾಸಣೆ ಮೊದಲು, ಶುಲ್ಕ ಆಮೇಲೆ ಎಂದು ಅನುಭವಿಗಳು ಹೇಳುವುದು ಇದಕ್ಕಾಗಿಯೇ.

ಮೊದಲ ಬಾರಿಯ ಕ್ಲಾಸ್ ವನ್ ತಪಾಸಣೆ ನಡೆಸುವ ವಾಯುಪಡೆಯ ಕೇಂದ್ರಗಳಲ್ಲಿ ಒಂದು ಮುಂಬಯಿಯ ಜೋಗೇಶ್ವರಿಯಲ್ಲೇ ಇದೆ. ಇನ್ನೊಂದು, 1957ರಲ್ಲಿ ಆರಂಭವಾದ ಬೆಂಗಳೂರಿನ ವೈಮಾಂತರಿಕ್ಷ ವೈದ್ಯಕೀಯ ಸಂಸ್ಥೆ. ಗಗನಯಾನಕ್ಕೆ ಆಯ್ಕೆಯಾದವರ ದೇಹಪರೀಕ್ಷೆ ನಡೆದದ್ದೂ ಅಲ್ಲೇ. ಇಂಥಲ್ಲಿಗೆ ಹೋಗುವಾಗ ಬಾಯಿಮಾತಿಗಿಂತ ಕಾಗದ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಯಾವ ವರ್ಷ, ಯಾವ ಆಸ್ಪತ್ರೆ, ಏನು ಔಷಧಿ, ಯಾವಾಗ ನಿಲ್ಲಿಸಿದ್ದು ಎಂಬುದಿದ್ದರೆ ವೈದ್ಯರಿಗೆ ನಿರ್ಧಾರ ಸುಲಭ. ಇಲ್ಲದಿದ್ದರೆ 'ತಾತ್ಕಾಲಿಕ ಅನರ್ಹ' ಎಂದು ಬರೆದು ಕಾಗದ ತರಲು ಕಳುಹಿಸುವ ಸಾಧ್ಯತೆಯೇ ಹೆಚ್ಚು. ಇಪ್ಪತ್ತು ವರ್ಷ ಹಿಂದಿನ ಡಿಸ್ಚಾರ್ಜ್ ಚೀಟಿ ಅಂಧೇರಿಯ ಫ್ಲ್ಯಾಟಿನಲ್ಲಿ ಸಿಗುವುದು ಕಷ್ಟ. ಮೇ ತಿಂಗಳಲ್ಲಿ ಊರಿಗೆ ಹೋದಾಗ ಅಜ್ಜಿಯ ಪೆಟ್ಟಿಗೆಯಲ್ಲಿ, ಹಳೆಯ ರೇಷನ್ ಕಾರ್ಡಿನ ಕೆಳಗೆ ಒಮ್ಮೆ ಹುಡುಕಿ ನೋಡಬೇಕು.